ಎದ್ದು ಹೋದ ಮನಸ್ಸು ಬಿಟ್ಟ ಸಾಲಿಗೆ ಮರಳುವುದು ಹೇಗೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರವಳು, ವಯಸ್ಸು 33. ಬಿ.ಇಡಿ. ಮುಗಿಸಿ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ಮನೆಯಲ್ಲಿ ಯಜಮಾನರು, ಅತ್ತೆ ಮತ್ತು ಎರಡನೇ ತರಗತಿಯ ಮಗಳು ಇದ್ದಾರೆ. ಮೂರು ಎಕರೆ ರೊಬಸ್ಟಾ ತೋಟವಿದೆ. ರಾತ್ರಿ ಎಂಟೂವರೆಗೆ ಪುಸ್ತಕ ಹಿಡಿದರೆ ಹತ್ತೂವರೆಯವರೆಗೂ ಹಾಳೆ ತಿರುವಿದ್ದೇ ಬರುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ನಿದ್ದೆ ತಡೆಯಲು ಒಂಬತ್ತೂವರೆಗೆ ಒಂದು ಲೋಟ ಕಾಫಿ ಕುಡಿಯುತ್ತೇನೆ. ಮೊಬೈಲ್ ಆಫ್ ಮಾಡೋಣವೆಂದರೆ ಮುಖ್ಯ ಶಿಕ್ಷಕರ ಸಂದೇಶ ತಪ್ಪಿಹೋದೀತೆಂಬ ಭಯ. ಊರಿನ ಸುತ್ತ ಆನೆ ಎಲ್ಲಿದೆ ಎಂದು ತಿಳಿಸುವ ಗ್ರೂಪ್ ಕೂಡ ಅದರಲ್ಲೇ ಇದೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟೂ ನೆಟ್‌ವರ್ಕೂ ಇರಲಿಲ್ಲ. ಆಗಲಾದರೂ ಓದಬಹುದಿತ್ತು, ಓದಲಾಗಲಿಲ್ಲ. ಓದುವಾಗ ಮಗಳು ಏನಾದರೂ ಕೇಳಲು ಬಂದರೆ ಸಿಡುಕುತ್ತೇನೆ, ಆಮೇಲೆ ಅಳು ಬರುತ್ತದೆ. ಡಿಗ್ರಿ ಓದುವಾಗ ಮೂರು ಗಂಟೆ ಒಂದೇ ಸಮನೆ ಕೂರುತ್ತಿದ್ದವಳು ನಾನು. ನನಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ ತೊಂದರೆ) ಇರಬಹುದೇ? ಏಕಾಗ್ರತೆಯನ್ನು ಮರಳಿ ಪಡೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತನ್ನು ನೀವು ತಪ್ಪೊಪ್ಪಿಗೆಯ ಧಾಟಿಯಲ್ಲಿ ಬರೆದಿದ್ದೀರಿ: ನೆಟ್‌ವರ್ಕ್ ಇಲ್ಲದ ನಾಲ್ಕು ದಿನವೂ ಓದಲಾಗಲಿಲ್ಲ ಎಂಬುದು. ಹಾಸನದಲ್ಲಿ ಆಪ್ತಸಮಾಲೋಚನೆ ನಡೆಸುವ ನನ್ನ ಬಳಿ ಏಕಾಗ್ರತೆಯ ತೊಂದರೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಎಲ್ಲ ದೂರನ್ನೂ ಮೊಬೈಲಿನ ಮೇಲೆ ಹೊರಿಸಿ ಅಲ್ಲಿಗೇ ನಿಲ್ಲುತ್ತಾರೆ; ಮೊಬೈಲ್ ಉಸಿರೇ ಇಲ್ಲದೆ ಬಿದ್ದಿದ್ದಾಗಲೂ ಮನಸ್ಸು ನಿಲ್ಲಲಿಲ್ಲವೆಂಬುದನ್ನು ಗಮನಿಸಿ ಹೇಳುವವರು ಅಪರೂಪ. ಆ ನಾಲ್ಕು ದಿನ ಏನಾಯಿತೆಂದು ನೀವು ಬರೆದಿಲ್ಲವಾದರೂ ಇಂಥ ಮಳೆಗಾಲಗಳನ್ನು ಕಂಡಿರುವ ನಾನು ಊಹಿಸಬಲ್ಲೆ. ಮೇಣದಬತ್ತಿಯ ಬೆಳಕಿನಲ್ಲಿ ಎರಡು ಪುಟ ಓದಿರುತ್ತೀರಿ. ಅಷ್ಟರಲ್ಲಿ ಒಲೆಯ ಬಳಿ ಹರವಿದ್ದ ಮಗಳ ಯೂನಿಫಾರಂ ಒಣಗಿತೇ ಎಂದು ನೋಡಬೇಕೆನ್ನಿಸಿ ಎದ್ದಿರುತ್ತೀರಿ. ಬಂದು ಕೂತ ಮೇಲೆ ತೋಟದಲ್ಲಿ ಮರ ಬಿದ್ದಿದೆಯೋ ಏನೋ ಎಂಬ ಯೋಚನೆ, ಅದರ ಹಿಂದೆಯೇ ನಾಳೆ ಶಾಲೆಗೆ ರಜೆ ಘೋಷಿಸಿದರೆ ಹೇಗೆ ತಿಳಿಯುವುದೆಂಬ ಯೋಚನೆ. ಯಾರೂ ಕರೆಯಲಿಲ್ಲ, ಯಾವ ಗಂಟೆಯೂ ಬಾರಿಸಲಿಲ್ಲ, ಆದರೂ ಹತ್ತು ಬಾರಿ ಎದ್ದದ್ದಾಯಿತು.

ಇದು ನಿಮ್ಮೊಬ್ಬರ ಸ್ವಭಾವದ ದೋಷವೆಂದು ತಿಳಿಯಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಮನೋವಿಜ್ಞಾನಿ ಗ್ಲೋರಿಯಾ ಮಾರ್ಕ್ ಅವರು ಎರಡು ದಶಕಗಳಿಂದ ಕಚೇರಿ ನೌಕರರ ಗಮನವನ್ನು ಅಳೆಯುತ್ತ ಬಂದಿದ್ದಾರೆ. 2004ರಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದಾಗ ಒಂದು ಪರದೆಯ ಮೇಲೆ ನೌಕರರ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಈಚಿನ ವರ್ಷಗಳ ಅಳತೆಯಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ. ಆದರೆ ನಿಮಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅವರ ಇನ್ನೆರಡು ಅವಲೋಕನಗಳು. ಕೆಲಸವನ್ನು ಮುರಿದ ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಯಾರೂ ಹೊರಗಿನಿಂದ ತಂದಿರಲಿಲ್ಲ. ಕೆಲಸ ಮಾಡುತ್ತಿದ್ದವರು ತಾವಾಗಿಯೇ ಎದ್ದು ಬೇರೆಡೆಗೆ ಹೋಗಿದ್ದರು. ಎರಡನೆಯದಾಗಿ, ಹೊರಗಿನ ಅಡ್ಡಿ ಹೆಚ್ಚಾಗಿದ್ದ ಗಂಟೆ ಮುಗಿದ ಬಳಿಕ, ಅದರ ಮುಂದಿನ ಗಂಟೆಯಲ್ಲಿ, ಯಾರೂ ಕೂಗದಿದ್ದರೂ ಅವರು ತಮಗೆ ತಾವೇ ಹೆಚ್ಚು ಬಾರಿ ಅಡ್ಡಿಪಡಿಸಿಕೊಂಡರು.

ಈ ಎರಡನೆಯ ಮಾತನ್ನು ನಿಮ್ಮ ದಿನಚರಿಗೆ ಹಿಡಿದು ನೋಡಿ. ಶಾಲೆಯ ಕೊಠಡಿಯಲ್ಲಿ ಹಗಲಿಡೀ ಒಬ್ಬ ಹುಡುಗನ ಪೆನ್ಸಿಲ್ ಮುರಿಯುತ್ತದೆ, ಇನ್ನೊಬ್ಬಳು ನೀರು ಕುಡಿಯಲು ಹೋಗಬೇಕೆನ್ನುತ್ತಾಳೆ, ಬಿಸಿಯೂಟಕ್ಕೆ ಎಷ್ಟು ಮಕ್ಕಳೆಂದು ಅಡುಗೆಯವರು ಬಂದು ಕೇಳುತ್ತಾರೆ, ಕಚೇರಿಗೆ ಕೂಡಲೇ ಕಳಿಸಬೇಕಾದ ಮಾಹಿತಿಯೊಂದು ಬಂದಿರುತ್ತದೆ. ಎಂಟು ಗಂಟೆಗಳ ಕಾಲ ನಿಮ್ಮ ಮನಸ್ಸು ಎಲ್ಲ ದಿಕ್ಕಿಗೂ ಕಿವಿ ತೆರೆದಿಟ್ಟುಕೊಂಡಿರುವುದನ್ನೇ ಅಭ್ಯಾಸ ಮಾಡುತ್ತದೆ, ಮತ್ತು ಒಳ್ಳೆಯ ಶಿಕ್ಷಕಿ ಹಾಗಿರಲೇಬೇಕು. ಮನೆಗೆ ಬಂದು ಒಲೆಯ ಮುಂದೆ ನಿಂತ ಮೇಲೂ ಅದೇ ಅಭ್ಯಾಸ ಮುಂದುವರಿಯುತ್ತದೆ. ಅಂಥ ಮನಸ್ಸಿಗೆ ರಾತ್ರಿ ಎಂಟೂವರೆಗೆ ಇದ್ದಕ್ಕಿದ್ದಂತೆ ‘ಈಗ ಒಂದೇ ಕಡೆ ನಿಲ್ಲು’ ಎಂದರೆ ಅದು ನಿಲ್ಲುವುದಿಲ್ಲ. ನಿಮಿಷಕ್ಕೊಮ್ಮೆ ತಾನೇ ಎದ್ದು ಸುತ್ತ ನೋಡುತ್ತದೆ. ಹೀಗಾಗಿ ನಿಮ್ಮಲ್ಲಿ ಏನೋ ಕೆಟ್ಟುಹೋಗಿದೆ ಎನ್ನುವುದಕ್ಕಿಂತ, ನಿಮ್ಮ ಗಮನವು ನೀವು ಹಗಲಿಡೀ ಕಲಿಸಿದ್ದನ್ನೇ ರಾತ್ರಿಯೂ ಮಾಡುತ್ತಿದೆ ಎನ್ನುವುದು ನಿಜಕ್ಕೆ ಹತ್ತಿರ.

ಅಡ್ಡಿಯಿಂದ ಆಗುವ ನಷ್ಟವನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ಲೆಕ್ಕ ಹಾಕುತ್ತೇವೆ. ಸಂದೇಶ ನೋಡಲು ಅರ್ಧ ನಿಮಿಷ ಹೋಯಿತು, ಅಷ್ಟೇ ತಾನೇ ಎನ್ನುತ್ತೇವೆ. ನಷ್ಟವಿರುವುದು ಆ ಅರ್ಧ ನಿಮಿಷದಲ್ಲಿ ಅಲ್ಲ, ಅದರ ಬಳಿಕ ಉಳಿಯುವ ಗುಂಗಿನಲ್ಲಿ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವರ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಅಂಟಿಕೊಂಡಿರುತ್ತದೆ, ಅದರಿಂದ ಎರಡನೆಯ ಕೆಲಸ ಕಳಪೆಯಾಗುತ್ತದೆ ಎಂದು ತೋರಿಸಿದರು. ಅವರು ಅದನ್ನು ಗಮನದ ಶೇಷವೆಂದು ಕರೆದರು. ನಮ್ಮ ‘ಗುಂಗು’ ಎಂಬ ಮಾತು ಅದಕ್ಕಿಂತ ಚೆನ್ನಾಗಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಅದರಲ್ಲಿ ಕಿವಿಯೊಳಗೆ ಸದ್ದು ಉಳಿದ ಅನುಭವವೂ ಇದೆ. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಗುಂಗಿನಲ್ಲಿ, ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಹಂತಗಳನ್ನು ಓದಿದರೆ ಕಣ್ಣು ಸಾಲುಗಳ ಮೇಲೆ ಓಡುತ್ತದೆ, ಓದು ನಡೆಯುವುದಿಲ್ಲ. (ಒಮ್ಮೆ ಅಡ್ಡಿಯಾದರೆ ಮರಳಿ ಗಮನ ಬರಲು 23 ನಿಮಿಷ ಬೇಕೆಂಬ ಮಾತನ್ನು ನೀವು ಯೂಟ್ಯೂಬ್‌ನಲ್ಲಿ ಕೇಳಿರಬಹುದು. ಅದೂ ಮಾರ್ಕ್ ಅವರ ಅಧ್ಯಯನದ ಅಂಕಿಯೇ, ಆದರೆ ಅರ್ಥ ಬೇರೆ. ನೌಕರರು ಆ ಅವಧಿಯಲ್ಲಿ ನಡುವೆ ಸರಾಸರಿ ಎರಡಕ್ಕಿಂತ ಹೆಚ್ಚು ಬೇರೆ ಕೆಲಸಗಳನ್ನು ಮಾಡಿ ಆಮೇಲೆ ಮೊದಲಿನ ಕೆಲಸಕ್ಕೆ ಬಂದಿದ್ದರು. ಮಗಳಿಗೆ ಒಂದು ಲೋಟ ನೀರು ಕೊಟ್ಟ ಮಾತ್ರಕ್ಕೆ ನಿಮ್ಮ 23 ನಿಮಿಷ ಹೋಯಿತೆಂದು ಕೊರಗಬೇಕಾಗಿಲ್ಲ.)

ಏಕಾಗ್ರತೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು, ಬಾಗಿಲು ಹಾಕಿಕೊಂಡು ಕೂರಬಲ್ಲ ಕೋಣೆಯೊಂದು ಇರುವವರಿಗಾಗಿ ಬರೆದವು. ನಿಮ್ಮ ಮನೆಯಲ್ಲಿ ಅಂಥ ಕೋಣೆ ಇರಲಿಕ್ಕಿಲ್ಲ. ಇದ್ದರೂ ಅತ್ತೆ, ಮಗಳು, ತೋಟ ಇರುವ ಮನೆಯ ಸೊಸೆ ಎರಡು ಗಂಟೆ ಬಾಗಿಲು ಹಾಕಿಕೊಂಡಿರುವುದು ಸುಲಭವಲ್ಲ. ಆದ್ದರಿಂದ ‘ಅಡ್ಡಿಯೇ ಇರಬಾರದು’ ಎಂಬ ಗುರಿಯನ್ನು ಇಟ್ಟುಕೊಳ್ಳಬೇಡಿ ಎಂಬುದು ನನ್ನ ಮೊದಲ ಸಲಹೆ. ತಪ್ಪಿಸಬಹುದಾದ ಅಡ್ಡಿಗಳನ್ನು ತಪ್ಪಿಸೋಣ, ಆದರೆ ಮುಖ್ಯವಾಗಿ ನೀವು ಕಲಿಯಬೇಕಾದದ್ದು ಎದ್ದು ಹೋಗುವ ರೀತಿ ಮತ್ತು ಮರಳಿ ಬರುವ ರೀತಿ.

ಇದಕ್ಕೆ ನಮ್ಮಲ್ಲೇ ಒಂದು ಅದ್ಭುತವಾದ ಮಾದರಿಯಿದೆ. ಬಿ.ಇಡಿ.ಯಲ್ಲಿ ‘ಅವಧಾನ’ವೆಂಬ ಅಧ್ಯಾಯವನ್ನು ನೀವು ಓದಿರುತ್ತೀರಿ, ಅದೇ ಹೆಸರಿನ ಕಲೆಯನ್ನು, ಅಷ್ಟಾವಧಾನವನ್ನು, ಒಮ್ಮೆಯಾದರೂ ನೋಡಿ. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳ ವಿಡಿಯೋಗಳು ಸುಲಭವಾಗಿ ಸಿಗುತ್ತವೆ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯ ಸಾಲೊಂದನ್ನು ಕೊಟ್ಟು ಪದ್ಯ ಪೂರೈಸಿ ಎನ್ನುತ್ತಾರೆ, ಇನ್ನೊಬ್ಬರು ಕೊಟ್ಟ ಪದಗಳನ್ನೇ ಬಳಸಿ ಪದ್ಯ ಕಟ್ಟಬೇಕೆನ್ನುತ್ತಾರೆ, ನಿಷೇಧಾಕ್ಷರಿಯವರು ಅಕ್ಷರ ಅಕ್ಷರಕ್ಕೂ ತಡೆಯೊಡ್ಡುತ್ತಾರೆ. ಇವರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬ ಒಬ್ಬರಿರುತ್ತಾರೆ. ಸಂಬಂಧವಿಲ್ಲದ ಮಾತನ್ನು ಯಾವಾಗ ಬೇಕಾದರೂ ಎಸೆದು ಅವಧಾನಿಯ ಗಮನ ಕದಡುವುದೇ ಅವರ ಕೆಲಸ. ಅಂದರೆ ನಮ್ಮ ಹಿರಿಯರು ಏಕಾಗ್ರತೆಯ ಪರೀಕ್ಷೆಯನ್ನು ಏಕಾಂತದಲ್ಲಿ ಇಡಲಿಲ್ಲ, ಅಡ್ಡಿ ಮಾಡುವವರಿಗೇ ಒಂದು ಆಸನ ಕೊಟ್ಟು ಸಭೆಯ ನಡುವೆ ಇಟ್ಟರು.

ಅವಧಾನಿ ಅದನ್ನು ಹೇಗೆ ನಿಭಾಯಿಸುತ್ತಾರೆಂಬುದನ್ನು ನೋಡಬೇಕು. ಒಬ್ಬರ ಪದ್ಯವನ್ನು ಪೂರ್ತಿ ಮುಗಿಸಿ ಇನ್ನೊಬ್ಬರ ಕಡೆಗೆ ತಿರುಗುವುದಿಲ್ಲ. ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾದವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. ನಾಲ್ಕು ಸುತ್ತು ಮುಗಿದಾಗ ನಾಲ್ಕು ಪಾದಗಳು ಕೂಡಿ ಪದ್ಯಗಳಾಗುತ್ತವೆ, ಕೊನೆಗೆ ಧಾರಣೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಒಪ್ಪಿಸುತ್ತಾರೆ. ಇಲ್ಲಿ ಅಪಾರ ವಿದ್ವತ್ತಿದೆ, ಅದು ನಮಗೆ ದಕ್ಕುವಂಥದ್ದಲ್ಲ. ಆದರೆ ಅದರ ಒಳಗಿನ ಒಂದು ಶಿಸ್ತನ್ನು ಅಡುಗೆಮನೆಯ ಪಕ್ಕದಲ್ಲಿ ಓದುವವರೂ ಎರವಲು ಪಡೆಯಬಹುದು: ಬಿಡುವಾಗ ಪಾದದ ಕೊನೆಯಲ್ಲಿ ಬಿಡುವುದು. ಎಲ್ಲಿ ಬಿಟ್ಟೆ, ಮುಂದೆ ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದು ಗೊತ್ತಿರುವುದರಿಂದಲೇ ಅಪ್ರಸ್ತುತ ಪ್ರಸಂಗಿಗೆ ನಗುತ್ತ ಉತ್ತರಿಸಿ ಮರಳಲು ಸಾಧ್ಯವಾಗುತ್ತದೆ.

ನಿಮ್ಮ ಓದಿನಲ್ಲಿ ಪಾದವೆಂದರೆ ಒಂದು ಪ್ಯಾರಾ, ಅಥವಾ ಒಂದು ಪರಿಕಲ್ಪನೆ. ಪುಸ್ತಕದ ಪಕ್ಕದಲ್ಲಿ ಅಂಗೈಯಗಲದ ಚೀಟಿಗಳನ್ನು ಇಟ್ಟುಕೊಳ್ಳಿ. ಅತ್ತೆಯವರು ಕರೆದರೆ, ‘ಬಂದೆ ಅತ್ತೆ’ ಎಂದು ಹೇಳಿ, ಆ ಪ್ಯಾರಾದ ಕೊನೆಯ ಸಾಲಿನವರೆಗೆ ಓದಿ, ಏಳುವ ಮುನ್ನ ಚೀಟಿಯಲ್ಲಿ ಒಂದೇ ವಾಕ್ಯ ಬರೆಯಿರಿ. ಆ ವಾಕ್ಯ ‘ಪುಟ 84’ ಎಂದಿರಬಾರದು, ಮುಂದೆ ಮಾಡಬೇಕಾದ ಕೆಲಸವನ್ನು ಹೇಳುವಂತಿರಬೇಕು: ‘ವೈಗೋಟ್‌ಸ್ಕಿಗೂ ಪಿಯಾಜೆಗೂ ಭಾಷೆಯ ವಿಷಯದಲ್ಲಿ ಇರುವ ವ್ಯತ್ಯಾಸ ಬರೆದು ನೋಡಬೇಕು’ ಎಂಬಂತೆ. ಇಪ್ಪತ್ತು ಸೆಕೆಂಡಿನ ಕೆಲಸವಿದು. ಲೆರಾಯ್ ಅವರು ತಮ್ಮ ಸಹಸಂಶೋಧಕಿಯೊಡನೆ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಹೆಚ್ಚುಕಡಿಮೆ ಇದನ್ನೇ ಪರೀಕ್ಷಿಸಿದ್ದಾರೆ. ಎದ್ದು ಹೋಗುವ ಮುನ್ನ ಎಲ್ಲಿದ್ದೆ, ಮರಳಿದಾಗ ಏನು ಮಾಡಬೇಕು ಎಂದು ಬರೆದಿಟ್ಟವರಲ್ಲಿ ಹಿಂದಿನ ಕೆಲಸದ ಗುಂಗು ಕಡಿಮೆಯಿತ್ತು. ಇದರಿಂದ ಅತ್ತೆಯವರ ಮಾತನ್ನೂ ನೀವು ಪೂರ್ತಿ ಮನಸ್ಸಿನಿಂದ ಕೇಳುತ್ತೀರಿ, ಮರಳಿ ಬಂದಾಗ ಚೀಟಿಯೇ ನಿಮ್ಮನ್ನು ಕೈಹಿಡಿದು ಕೂರಿಸುತ್ತದೆ.

ಒಳಗಿನಿಂದ ಬರುವ ಅಡ್ಡಿಗೂ ಚೀಟಿಯೇ ಮದ್ದು. ಓದಲು ಕೂರುವ ಮೊದಲ ಐದು ನಿಮಿಷ ಪುಸ್ತಕವನ್ನು ಮುಟ್ಟಬೇಡಿ. ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಒಂದು ಹಾಳೆಯ ಮೇಲೆ ಇಳಿಸಿ. ‘ಗ್ಯಾಸ್ ಬುಕ್ ಮಾಡಬೇಕು’ ಎಂದಷ್ಟೇ ಬರೆದರೆ ಸಾಲದು, ‘ನಾಳೆ ಬಸ್ಸು ಕಾಯುವಾಗ ಗ್ಯಾಸ್ ಬುಕ್ ಮಾಡುತ್ತೇನೆ’ ಎಂದು ಯಾವಾಗ, ಎಲ್ಲಿ ಎಂಬುದನ್ನೂ ಬರೆಯಿರಿ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ನಡೆಸಿದ ಪ್ರಯೋಗಗಳಲ್ಲಿ ಮುಗಿಸದ ಕೆಲಸಗಳು ಓದಿನ ನಡುವೆ ನುಗ್ಗಿ ಕಾಡಿದವು. ಆದರೆ ಆ ಕೆಲಸಗಳನ್ನು ಮುಗಿಸದಿದ್ದರೂ, ಅವಕ್ಕೊಂದು ಖಚಿತವಾದ ಯೋಜನೆ ಮಾಡಿಟ್ಟವರಲ್ಲಿ ಆ ಕಾಟ ತಗ್ಗಿತು. ಮನಸ್ಸಿಗೆ ಬೇಕಾದದ್ದು ಕೆಲಸ ಮುಗಿಯುವುದಲ್ಲ, ಅದು ಮರೆತುಹೋಗುವುದಿಲ್ಲವೆಂಬ ಭರವಸೆ. ಓದುತ್ತಿರುವಾಗ ಮತ್ತೇನಾದರೂ ನೆನಪಾದರೆ ಅದನ್ನೂ ಆ ಹಾಳೆಗೆ ಸೇರಿಸಿ, ಏಳದೆ ಮುಂದುವರಿಯಿರಿ. ಮೊದಲ ವಾರ ಹಾಳೆ ತುಂಬಿಹೋಗುತ್ತದೆ. ಅದರಿಂದ ಎದೆಗುಂದಬೇಡಿ, ಅಷ್ಟೊಂದು ಬಾರಿ ನೀವು ಏಳದೆ ಕುಳಿತಿರಿ ಎಂಬುದಕ್ಕೆ ಅದು ದಾಖಲೆ.

ಇನ್ನು ಮೊಬೈಲು. ಸಂದೇಶ ಬಂದ ಸದ್ದು ಕೇಳಿದರೆ ಸಾಕು, ತೆಗೆದು ನೋಡದಿದ್ದರೂ ಕೆಲಸದ ಗಮನ ಕೆಡುತ್ತದೆ ಎಂಬುದನ್ನು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಟೆಕ್ಸಾಸ್‌ನಲ್ಲಿ ಆಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ನಡೆಸಿದ ಪ್ರಯೋಗದಲ್ಲಿ, ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟುಕೊಂಡವರಿಗಿಂತ ಬೇರೆ ಕೋಣೆಯಲ್ಲಿ ಇಟ್ಟುಬಂದವರು ನೆನಪು ಮತ್ತು ತರ್ಕದ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರು. ಆನಂತರ ಬೇರೆಯವರು ಮಾಡಿದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಬಂದಿಲ್ಲವಾದ್ದರಿಂದ ಇದನ್ನು ಸಿದ್ಧಾಂತವೆಂದು ನಾನು ಹೇಳಲಾರೆ. ಆದರೂ ಫೋನನ್ನು ಬೇರೆ ಕಡೆ ಇಡುವುದಕ್ಕೆ ಖರ್ಚೇನೂ ಇಲ್ಲ.

ಆಫ್ ಮಾಡಿ ಎಂದು ನಾನು ಹೇಳುವುದಿಲ್ಲ. ಆನೆಗಳ ಸಂಚಾರವಿರುವ ಊರಿನಲ್ಲಿ ಆ ಗ್ರೂಪಿನ ಸಂದೇಶ ಪ್ರಾಣದ ಪ್ರಶ್ನೆ; ಅದನ್ನು ಬಿಟ್ಟು ಏಕಾಗ್ರತೆ ಸಾಧಿಸಿ ಎನ್ನುವ ಸಲಹೆಗಾರರು ಸಕಲೇಶಪುರ, ಆಲೂರು, ಬೇಲೂರಿನ ಕಡೆಯ ರಾತ್ರಿಗಳನ್ನು ಕಂಡವರಲ್ಲ. ಮೊದಲೆಲ್ಲ ಮನೆಗಳಲ್ಲಿ ಲ್ಯಾಂಡ್‌ಲೈನ್ ಫೋನಿಗೆ ನಡುಮನೆಯಲ್ಲಿ ಒಂದು ಜಾಗವಿರುತ್ತಿತ್ತು. ನಿಮ್ಮ ಮೊಬೈಲಿಗೂ ಎಂಟೂವರೆಯ ಬಳಿಕ ಅಂಥದೇ ಒಂದು ಜಾಗ ಗೊತ್ತುಮಾಡಿ, ರಿಂಗ್ ಪೂರ್ತಿ ಜೋರಾಗಿಟ್ಟು ಅಲ್ಲಿ ಬಿಡಿ. ವಾಟ್ಸ್ಆ್ಯಪ್‌ನಲ್ಲಿ ಆನೆಯ ಗ್ರೂಪಿಗೆ ಮಾತ್ರ ಬೇರೆಯದೇ ಸದ್ದು ಇಟ್ಟು, ಉಳಿದ ಗ್ರೂಪುಗಳನ್ನೆಲ್ಲ, ಸ್ತ್ರೀಶಕ್ತಿ ಸಂಘದ್ದನ್ನೂ ಸಂಬಂಧಿಕರದ್ದನ್ನೂ ಸೇರಿಸಿ, ಮ್ಯೂಟ್ ಮಾಡಿ. ಎಂಟು ಗಂಟೆಗಳಿಗೆಂದಲ್ಲ, ‘ಯಾವಾಗಲೂ’ ಎಂಬ ಆಯ್ಕೆಗೆ. ಆ ವಿಶೇಷ ಸದ್ದಿಗೆ ಎದ್ದು ನೋಡುವ ಹೊಣೆಯನ್ನು ಓದಿನ ಹೊತ್ತಿನಲ್ಲಿ ನಿಮ್ಮ ಯಜಮಾನರು ವಹಿಸಿಕೊಳ್ಳಲಿ. ಮುಖ್ಯ ಶಿಕ್ಷಕರಿಗೆ ಒಮ್ಮೆ ವಿನಯದಿಂದಲೇ ಹೇಳಿ: ‘ಸಾರ್, ಎಂಟೂವರೆಯಿಂದ ಹತ್ತರವರೆಗೆ ಓದುತ್ತಿರುತ್ತೇನೆ, ತುರ್ತಿದ್ದರೆ ದಯವಿಟ್ಟು ಕರೆ ಮಾಡಿ, ಉಳಿದದ್ದನ್ನು ಹತ್ತಕ್ಕೆ ನೋಡಿ ಉತ್ತರಿಸುತ್ತೇನೆ.’ ಇದನ್ನು ಹೇಳಲು ಅತಿಥಿ ಶಿಕ್ಷಕರಿಗೆ ಎಷ್ಟು ಅಳುಕಿರುತ್ತದೆಂದು ನನಗೆ ಗೊತ್ತು. ಕೆಲಸದ ಭದ್ರತೆ ಇಲ್ಲದವರು ಎಲ್ಲ ಸಂದೇಶಕ್ಕೂ ಕೂಡಲೇ ಉತ್ತರಿಸಬೇಕೆಂದುಕೊಳ್ಳುವುದು ಸಹಜ. ಆದರೆ ಹತ್ತು ಗಂಟೆಗೆ ಖಂಡಿತ ಉತ್ತರ ಬರುತ್ತದೆಂದು ತಿಳಿದವರು ಒಂಬತ್ತಕ್ಕೆ ಬರಲಿಲ್ಲವೆಂದು ಬೇಸರಿಸುವುದು ಕಡಿಮೆ.

ಮೂರು ಗಂಟೆ ಒಂದೇ ಸಮನೆ ಓದುತ್ತಿದ್ದ ಹಳೆಯ ದಿನಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಎರಡನೆಯ ಮಹಾಯುದ್ಧದ ಕಾಲದ ರಾಡಾರ್ ವೀಕ್ಷಕರು ಗುರುತುಗಳನ್ನು ಏಕೆ ತಪ್ಪಿಸುತ್ತಾರೆಂದು ತಿಳಿಯಲು ನಾರ್ಮನ್ ಮ್ಯಾಕ್‌ವರ್ತ್ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದಂಥ ಮುಳ್ಳೊಂದನ್ನು ಎರಡು ಗಂಟೆ ನೋಡುತ್ತ ಕೂತವರ ಎಚ್ಚರ ಮೊದಲ ಅರ್ಧ ಗಂಟೆಯಲ್ಲೇ ಸ್ಪಷ್ಟವಾಗಿ ಕುಗ್ಗಿತ್ತು. ಆರೋಗ್ಯವಂತರಾದ ಯುವಕರ ಕಥೆಯೇ ಹೀಗಿರುವಾಗ, ದಿನವಿಡೀ ದುಡಿದವರು ಇಪ್ಪತ್ತೈದು ನಿಮಿಷ ಓದಿ ಐದು ನಿಮಿಷ ಎದ್ದರೆ ಅದರಲ್ಲಿ ಕುಂದೇನೂ ಇಲ್ಲ. ಆ ಐದು ನಿಮಿಷ ಮೊಬೈಲ್ ನೋಡದೆ ಅಂಗಳದಲ್ಲಿ ನಿಂತು ಬನ್ನಿ, ಅಷ್ಟೇ. ಅರ್ಹತಾ ಪರೀಕ್ಷೆಯಲ್ಲಿ 150 ಪ್ರಶ್ನೆಗಳಿಗೆ 150 ನಿಮಿಷ ಒಂದೇ ಕಡೆ ಕೂರಬೇಕಾಗುತ್ತದೆ ನಿಜ. ಅದಕ್ಕೆ ಪರೀಕ್ಷೆ ಎರಡು ತಿಂಗಳಿರುವಾಗ ವಾರಕ್ಕೊಂದು ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕುಳಿತರೆ ಸಾಕು, ದಿನವೂ ಆ ಕಸರತ್ತು ಬೇಡ.

ಓದುವ ವಿಧಾನದಲ್ಲಿಯೂ ಒಂದು ಬದಲಾವಣೆ ಅಗತ್ಯ. ಬರೀ ಕಣ್ಣಾಡಿಸುವ ಓದಿನಲ್ಲಿ ಮನಸ್ಸು ಜಾರಿದ್ದು ಗೊತ್ತೇ ಆಗುವುದಿಲ್ಲ. ಹಾರ್ವರ್ಡ್‌ನಲ್ಲಿ ಸ್ಪುನಾರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ವಿಡಿಯೋ ಪಾಠವೊಂದನ್ನು ತುಂಡುಮಾಡಿ ತೋರಿಸಲಾಯಿತು. ಪ್ರತಿ ತುಂಡಿನ ಕೊನೆಗೆ ಪುಟ್ಟ ಪರೀಕ್ಷೆ ಎದುರಿಸಿದವರ ಮನಸ್ಸು ಅಲೆದದ್ದು, ಪರೀಕ್ಷೆ ಇಲ್ಲದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಮಾತ್ರ. ಆದ್ದರಿಂದ ಒಂದು ಪುಟ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಓದಿದ್ದರ ಸಾರವನ್ನು ಎರಡು ಸಾಲಿನಲ್ಲಿ ನೋಡದೆ ಬರೆಯಿರಿ; ಯೂಟ್ಯೂಬ್ ಪಾಠವಾದರೆ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಅದನ್ನೇ ಮಾಡಿ. ತರಗತಿಯಲ್ಲಿ ಮಕ್ಕಳಿಗೆ ನೀವು ಮಾಡುವುದೂ ಇದನ್ನೇ ಅಲ್ಲವೇ? ಪಾಠದ ನಡುವೆ ಪ್ರಶ್ನೆ ಕೇಳಿ ಎಬ್ಬಿಸಿ ನಿಲ್ಲಿಸುವುದು ಅವರ ಮನಸ್ಸು ಕಿಟಕಿಯಾಚೆ ಹೋಗದಿರಲೆಂದೇ. ಆ ಉಪಚಾರವನ್ನು ನಿಮಗೂ ಮಾಡಿಕೊಳ್ಳಿ.

ಕಾಫಿಯ ವಿಷಯ. ಕೆಫೀನಿನ ಅರ್ಧದಷ್ಟು ದೇಹದಿಂದ ಇಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ಅಲ್ಲದೆ ನಿಮ್ಮದು ರೊಬಸ್ಟಾ. ಅದರಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಒಂಬತ್ತೂವರೆಗೆ ಕುಡಿದ ಮನೆಯ ಗಟ್ಟಿ ಡಿಕಾಕ್ಷನ್ನಿನ ಅರ್ಧ ಪಾಲು ರಾತ್ರಿ ಎರಡೂವರೆಗೂ ನಿಮ್ಮ ರಕ್ತದಲ್ಲಿದ್ದು ನಿದ್ದೆಯನ್ನು ತೆಳುವಾಗಿಸುತ್ತದೆ, ತೆಳು ನಿದ್ದೆ ಮರುದಿನದ ಗಮನವನ್ನು ಕೊರೆಯುತ್ತದೆ, ಆ ಕೊರತೆಯನ್ನು ನೀಗಲು ಮತ್ತೆ ರಾತ್ರಿ ಕಾಫಿ. ಈ ಸುತ್ತನ್ನು ಮುರಿಯದೆ ಮೇಲಿನ ಯಾವ ಉಪಾಯವೂ ಪೂರ್ತಿ ಫಲಿಸಲಾರದು. ಹತ್ತಕ್ಕೆ ಮಲಗಿ, ಸಾಧ್ಯವಾದರೆ ಬೆಳಿಗ್ಗೆ ಐದಕ್ಕೆ ಎದ್ದು, ಆ ಕಾಫಿಯನ್ನು ಆಗ ಕುಡಿದು ಕಷ್ಟದ ವಿಷಯವನ್ನು ನಲವತ್ತು ನಿಮಿಷ ಓದಿ; ರಾತ್ರಿಯ ಹೊತ್ತಿಗೆ ಪ್ರಶ್ನೆ ಬಿಡಿಸುವಂಥ ಹಗುರ ಕೆಲಸ ಇರಲಿ. ಕುಯ್ಲಿನ ತಿಂಗಳುಗಳಲ್ಲಿ ಇದು ನಡೆಯುವುದಿಲ್ಲ. ಆಳುಗಳು, ಕಣ, ಹಣ್ಣಿನ ಲೆಕ್ಕ ಎಲ್ಲ ಇರುವಾಗ ದಿನಕ್ಕೆ ಒಂದೇ ಇಪ್ಪತ್ತೈದು ನಿಮಿಷ ಓದಿದರೂ ಸಾಕೆಂದು ಈಗಲೇ ಒಪ್ಪಿಕೊಳ್ಳಿ.

ಎಡಿಎಚ್‌ಡಿ ಬಗ್ಗೆ ಕೇಳಿದ್ದೀರಿ. ಅದರ ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಕಾಣಿಸಿಕೊಂಡಿರಬೇಕು, ಮನೆ, ಶಾಲೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಕೊಟ್ಟಿರಬೇಕು ಎಂಬುದು ವೈದ್ಯರು ಅನುಸರಿಸುವ ನಿಯಮ. ಡಿಗ್ರಿಯವರೆಗೂ ಮೂರು ಗಂಟೆ ಕೂತು ಓದಿದ ನಿಮ್ಮ ವಿಷಯದಲ್ಲಿ ಅದರ ಸಾಧ್ಯತೆ ಕಡಿಮೆ. ಆದರೆ ಪತ್ರ ಓದಿ ರೋಗ ನಿರ್ಣಯಿಸುವುದು ಸರಿಯಲ್ಲ. ಅದಕ್ಕೂ ಮೊದಲು ನೋಡಬೇಕಾದದ್ದು ರಕ್ತ. ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆ, ಎರಡೂ ಗಮನವನ್ನು ಮಂಕಾಗಿಸುತ್ತವೆ, ಎರಡೂ ಹೆಂಗಸರಲ್ಲಿ ಸಾಮಾನ್ಯ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇದನ್ನು ಪರೀಕ್ಷಿಸುತ್ತಾರೆ, ಮುಂದಿನ ವಾರವೇ ಮಾಡಿಸಿ. ‘ಆಮೇಲೆ ಅಳು ಬರುತ್ತದೆ’ ಎಂದು ಬರೆದಿದ್ದೀರಿ. ಆ ಅಳು ಸಿಡುಕಿದ ಸಂಜೆಗಳಲ್ಲಿ ಮಾತ್ರ ಬರುತ್ತಿದ್ದರೆ ಒಂದು ಮಾತು. ಎರಡು ವಾರಕ್ಕೂ ಮಿಕ್ಕಿ ದಿನದ ಬಹುಪಾಲು ಬೇಸರವಿದ್ದರೆ, ಮೊದಲು ಇಷ್ಟವಿದ್ದದ್ದರಲ್ಲೂ ಆಸಕ್ತಿ ಹೋಗಿದ್ದರೆ, ಅದು ಖಿನ್ನತೆಯಿರಬಹುದು, ಮತ್ತು ಖಿನ್ನತೆಯ ಮೊದಲ ಪೆಟ್ಟು ಬೀಳುವುದು ಎಷ್ಟೋ ಬಾರಿ ಏಕಾಗ್ರತೆಯ ಮೇಲೆಯೇ. ಆಗ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಮಗಳ ಮಾತನ್ನು ಕೊನೆಗೆ ಇಟ್ಟುಕೊಂಡದ್ದು ಅದು ಸಣ್ಣದೆಂದಲ್ಲ. ಅವಳು ಬರುವುದನ್ನು ಮೊಬೈಲಿನ ಸದ್ದಿನೊಡನೆ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ. ಹಗಲೆಲ್ಲ ಬೇರೆ ಮಕ್ಕಳಿಗೆ ಸಿಕ್ಕ ಅಮ್ಮ ರಾತ್ರಿ ಎಂಟೂವರೆಗೆ ಪುಸ್ತಕದ ಪಾಲಾದಾಗ ಎರಡನೇ ತರಗತಿಯ ಮಗು ಪ್ರಶ್ನೆಯ ನೆಪದಲ್ಲಿ ಬಂದು ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಉತ್ತರಕ್ಕಿಂತ ನಿಮ್ಮ ಮುಖ. ಎಂಟರಿಂದ ಎಂಟೂವರೆಯವರೆಗೆ ಕೈಯಲ್ಲಿ ಏನೂ ಇಲ್ಲದೆ ಅವಳ ಜೊತೆ ಕೂತುಬಿಡಿ, ಅಡುಗೆಯ ಉಳಿದ ಕೆಲಸ ಸ್ವಲ್ಪ ಕಾಯಲಿ. ಆಮೇಲೆ ಅವಳಿಗೂ ನಿಮ್ಮ ಚೀಟಿಗಳಂಥದೇ ಒಂದು ಪುಟ್ಟ ಪುಸ್ತಕ ಕೊಟ್ಟು, ‘ಅಮ್ಮನ ಹತ್ರ ಕೇಳ್ಬೇಕಾದ್ದು’ ಎಂದು ಅವಳ ಕೈಯಿಂದಲೇ ಹೆಸರು ಬರೆಸಿ. ಓದುವ ಹೊತ್ತಿನಲ್ಲಿ ಏನು ಕೇಳಬೇಕೆನ್ನಿಸಿದರೂ ಅದರಲ್ಲಿ ಬರೆದಿಡಲಿ. ಇಪ್ಪತ್ತೈದು ನಿಮಿಷಕ್ಕೆ ನೀವು ಏಳುತ್ತೀರಲ್ಲ, ಆ ಐದು ನಿಮಿಷದಲ್ಲಿ ಅಂಗಳಕ್ಕೆ ಅವಳನ್ನೂ ಕರೆದೊಯ್ದು ಅವಳು ಬರೆದದ್ದನ್ನು ಒಂದೊಂದಾಗಿ ಓದಿಸಿ ಉತ್ತರ ಹೇಳಿ. ಅಕ್ಷರ ತಪ್ಪಿದ್ದರೆ ಆಗ ತಿದ್ದಬೇಡಿ. ಎಂದಾದರೂ ಕಾಯಲಾರದೆ ಓಡಿಬಂದು ನಿಮ್ಮ ಪಕ್ಕ ನಿಂತರೆ, ಪ್ಯಾರಾದ ಕೊನೆಯ ಸಾಲನ್ನು ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಚೀಟಿ ಬರೆದು, ಪುಸ್ತಕ ಮುಚ್ಚಿ, ಆಮೇಲೆ ಪೂರ್ತಿ ಅವಳ ಕಡೆಗೆ ತಿರುಗಿ.